ಮುತ್ತುಗದಕುಂಟೆಯ ಗೇಟು

ಮುತ್ತುಗದಕುಂಟೆ ಪಂಪ್ ಮನೆ,
ಸರ್ಜಾಪುರ ರಸ್ತೆ, ಬೆಂಗಳೂರು
14 ಜೂನ್ 2017

ಕೇಳಿರಿ, ಕರಡಿಮಟ್ಟಿಯ ಮಹಾಜನಗಳೇ! ಬಸವಣ್ಣನ ಗುಡಿಯ ಕಟ್ಟೆಯೇರಿ ಕುಳಿತ ಹಿರಿಯರೇ, ಕಟ್ಟೆಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಬೀಡಿ ಹಚ್ಚಿದ ಗೆಳೆಯರೇ, ಕೊಡ ಇಳಿಸಿ ಒಂದು ಗಳಿಗೆ ನಿಂತ ತಾಯಂದಿರೇ, ಹಿಂದಿನ ಸಾಲಿಗೂ ಮುಟ್ಟುವಂತೆ ಈ ಕಾಗದ ಓದುತ್ತಿರುವ ನನಗೆ ನಾಟಕದ ಮಾತು ಕಲಿಸಿದ ಗುರು, ನಮ್ಮ ಮಂಡಳಿಯ ಹಾರ್ಮೋನಿಯಂ ನುಡಿಸಿದ ಪೇಟಿ ಮಾಸ್ತರ ಚನ್ನವೀರಪ್ಪನವರೇ, ನಿಮ್ಮೆಲ್ಲರಿಗೂ ಬಸಲಿಂಗನ ಶರಣು. ಮಾಸ್ತರರಿಗೆ ಫೋನಿನಲ್ಲಿ ಮಾತು ಕೇಳಿಸದು, ಅದಕ್ಕೇ ಈ ಕಾಲದಲ್ಲೂ ಕಾಗದ ಬರೆಯುತ್ತೇನೆ. ಅದೊಂದೇ ಕಾರಣವೂ ಅಲ್ಲ. ಫೋನಿನಲ್ಲಾದರೆ ಸಿಗುವುದು ಒಂದು ಕಿವಿ, ಕಾಗದದಲ್ಲಾದರೆ ಇಡೀ ಸಭೆ.

ಇಷ್ಟು ವರ್ಷ ನಾನು ಬೆಂಗಳೂರಿನಲ್ಲಿ 'ನೀರಿನ ಕೆಲಸ' ಮಾಡುತ್ತೇನೆ ಎಂದಿದ್ದೆ. ಎಂಥ ನೀರು ಎಂದು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಇವತ್ತು ಎದೆ ತಟ್ಟಿ ಹೇಳುತ್ತೇನೆ. ಈ ಸುತ್ತಿನ ಸಾವಿರಾರು ಫ್ಲ್ಯಾಟುಗಳ ಬಚ್ಚಲು, ಕಕ್ಕಸು, ಮುಸುರೆ ಎಲ್ಲವೂ ಪೈಪಿನಲ್ಲಿ ಹರಿದು ನನ್ನ ಪಂಪ್ ಮನೆಯ ಬಾವಿಗೆ ಬಂದು ಬೀಳುತ್ತದೆ. ನಾನು ಅದನ್ನು ಎತ್ತಿ ಎರಡು ಮೈಲಿ ಆಚೆಯ ಶುದ್ಧೀಕರಣ ಘಟಕಕ್ಕೆ ದಬ್ಬುತ್ತೇನೆ. ಕರೆಂಟು ಹೋದರೆ, ಇಲ್ಲವೇ ಮಳೆಯ ನೀರು ಪೈಪಿಗೆ ನುಗ್ಗಿದರೆ ಬಾವಿ ತುಂಬುತ್ತದೆ. ಆಗ ಪಕ್ಕದ ಕಬ್ಬಿಣದ ಗೇಟು ಎತ್ತಬೇಕು. ಎತ್ತಿದರೆ ಅಷ್ಟೂ ಹೊಲಸು ಮುತ್ತುಗದಕುಂಟೆ ಕೆರೆಗೆ.

ಹೀಗೆ ಎತ್ತೀ ಎತ್ತೀ ಕೆರೆ ನೊರೆ ಕಾರಿತು, ಮೀನು ತೇಲಿದವು, ಅಪಾರ್ಟ್‌ಮೆಂಟಿನವರು ದೊಡ್ಡ ಕೋರ್ಟಿಗೆ ಹೋದರು. ಕೋರ್ಟು ಒಂದು ಸಮಿತಿ ಮಾಡಿತು. ಅದರ ಮುಖ್ಯಸ್ಥರು ಒಬ್ಬ ನಿವೃತ್ತ ನ್ಯಾಯಾಧೀಶರು. ಗೇಟಿನ ಗೋಡೆಗೆ ಬಿಳಿ ಬಣ್ಣದಲ್ಲಿ ಅಳತೆಪಟ್ಟಿ ಬರೆಸಿದರು. ಪುಟಪುಟಕ್ಕೂ ಮೊಹರು ಬಿದ್ದ ಒಂದು ಹಸಿರು ಪುಸ್ತಕ ಕೊಟ್ಟರು. ಗೇಟು ಎಂದು ತೆರೆಯಿತು, ಎಷ್ಟು ಹೊತ್ತು, ಕೆರೆಗೆ ಎಷ್ಟು ಅಡಿ ಹೋಯಿತು, ಎಲ್ಲವನ್ನೂ ಬರೆದು ಕೆಳಗೆ ರುಜು ಹಾಕಬೇಕು. ಯಾರು? ಈ ಬಸಲಿಂಗ. ತಿಂಗಳಿಗೊಮ್ಮೆ ನ್ಯಾಯಾಧೀಶರು ಬಂದು ಈ ಬಸಲಿಂಗನ ಅಕ್ಷರ ಓದುತ್ತಾರೆ, ಅದು ಕೋರ್ಟಿಗೆ ಹೋಗುತ್ತದೆ.

ಮೊದಲ ದಿನ ಅವರು ನನ್ನ ಹೆಸರು ಕೇಳಿದರು. ನಾನು ಎರಡು ಹೆಜ್ಜೆ ಮುಂದೆ ಬಂದು, ಹೆಸರು, ಊರು, ತಾಲ್ಲೂಕು, ನನಗೆ ವಿದ್ಯೆ ಕಲಿಸಿದ ಗುರು, ಎಲ್ಲವನ್ನೂ ಎದೆಯಾಳದಿಂದ ಹೇಳಿದೆ. ಸಜ್ಜೆಯ ಮೇಲಿನ ಪಾರಿವಾಳ ಹಾರಿಹೋದವು. ಗುತ್ತಿಗೆದಾರರ ಸೂಪರ್‌ವೈಸರ್ ಶಿವಶಂಕರ್ ನನ್ನ ಅಂಗಿ ಜಗ್ಗಿ, "ಮೆಲ್ಲಗೆ ಗುರು, ಅವ್ರು ಜಡ್ಜು ಕಣೋ, ಕಿವುಡ್ರಲ್ಲ" ಎಂದ.

ಮಾಸ್ತರರಿಗೆ ಒಂದು ಮನೆಯ ಮಾತು, ಸಭೆ ಕ್ಷಮಿಸಲಿ. ನಿಮ್ಮ ಮಗಳು ಶೈಲಾ ಮತ್ತು ಅಳಿಯ ಮರೆಪ್ಪನಿಗೆ ನಮ್ಮ ಪಂಪ್ ಮನೆಯ ಹತ್ತಿರವೇ ಮನೆ ಹಿಡಿದುಕೊಟ್ಟಿದ್ದೇನೆ. ಮಾಲೀಕ ಶ್ಯಾಮಣ್ಣ ಇಲ್ಲಿಯ ಮೂಲ ರೈತ, ಒಳ್ಳೆಯವನು. ಸಿಮೆಂಟು ನೆಲ, ಹೊಸ ಶೀಟು, ಹತ್ತು ಹೆಜ್ಜೆಗೆ ನಲ್ಲಿ. ಮರೆಪ್ಪನಿಗೆ ಜಿಗಣಿಯ ಕಾರ್ಖಾನೆಗೆ ಕಂಪನಿ ಬಸ್ಸು ಬಾಗಿಲಿಗೇ ಬರುತ್ತದೆ. ನೀವು ನಿಶ್ಚಿಂತರಾಗಿರಿ.

ನಿಮ್ಮ ಶಿಷ್ಯ,
ಬಸಲಿಂಗ


ಕರಡಿಮಟ್ಟಿ
2 ಜುಲೈ 2017

ತಮ್ಮಾ ಬಸಲಿಂಗ,

ನಿನ್ನ ಕಾಗದವನ್ನು ಸೋಮವಾರ ಸಂಜೆ ಕಟ್ಟೆಯ ಮೇಲೆ ಓದಿದೆ. ಪಾರಿವಾಳ ಹಾರಿದಲ್ಲಿ ಜನ ಚಪ್ಪಾಳೆ ತಟ್ಟಿದರು. ನನಗೆ ಕೇಳಲಿಲ್ಲ, ಕೈಗಳು ಆಡಿದ್ದು ಕಂಡಿತು. ಆಮೇಲೆ ಪಕ್ಕದ ಮನೆಯ ದುರ್ಗವ್ವ ನನ್ನ ಕಿವಿಗೆ ಬಾಯಿಟ್ಟು ಉಳಿದದ್ದನ್ನು ಹೇಳಿದಳು. ಕಟ್ಟೆಯ ಕೆಳಗೆ ಕೂತಿದ್ದ ಈಶಪ್ಪ, "ಇಷ್ಟ ದಿನಾ ನಮ್ ಬಸ್ಯಾ ಬೆಂಗಳೂರಾಗ ಮಂದೀ ಹೇಲು ಎತ್ತತಿದ್ನಾ?" ಎಂದನಂತೆ. ಅದಕ್ಕೆ ಇವಳು, "ನೀ ಮಾಡಿದ್ದನ್ನ ಯಾರರ ಎತ್ತಬೇಕಲ್ಲೋ" ಎಂದಳಂತೆ. ಈಗ ಊರಲ್ಲಿ ನಿನ್ನ ಹೆಸರು 'ಕೋರ್ಟ್ ಬಸಲಿಂಗ'. ಹೊಲದ ಬದುವಿನ ತಂಟೆ ಇದ್ದವರು ನಿನ್ನ ವಿಳಾಸ ಕೇಳುತ್ತಿದ್ದಾರೆ. ನಾನು ಕೊಟ್ಟಿಲ್ಲ.

ಒಂದು ಮುಖ್ಯವಾದ ಮಾತು. ಶೈಲಾಗೆ ಏಳನೆಯ ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅವಳವ್ವ ಇದ್ದಿದ್ದರೆ ಈ ಮಾತು ಬರುತ್ತಲೇ ಇರಲಿಲ್ಲ. ಮನೆಯಲ್ಲಿ ಹೆಣ್ಣುಜೀವ ಇಲ್ಲ, ನಾನು ಕಿವುಡ, ಕೂಸು ಅತ್ತರೆ ನನಗೆ ಗೊತ್ತಾಗದು. ಆದರೂ ರೂಢಿ ರೂಢಿಯೇ. ಮಗಳಾದವಳು ತಾನಾಗಿ ಕರೆದುಕೊಂಡು ಹೋಗಿರಿ ಎನ್ನುವುದಿಲ್ಲ, ನಾವೇ ಹೋಗಿ ಕರೆಯಬೇಕು. ಹೀಗಾಗಿ ಅವಳನ್ನು ಕೇಳಿ ಫಲವಿಲ್ಲ. ನಿನ್ನನ್ನು ಕೇಳುತ್ತಿದ್ದೇನೆ. ಆ ಮನೆ ಬಾಣಂತಿಗೂ ಕೂಸಿಗೂ ತಕ್ಕದ್ದೋ ಅಲ್ಲವೋ? ಬಣ್ಣ ಹಚ್ಚದೆ ಹೇಳು. ನೀನು ಬೇಡ ಎಂದರೆ ಮರುದಿನವೇ ಬಸ್ಸು ಹತ್ತುತ್ತೇನೆ.

ಚನ್ನವೀರಪ್ಪ


ಮುತ್ತುಗದಕುಂಟೆ ಪಂಪ್ ಮನೆ
16 ಜುಲೈ 2017

ಗುರುಗಳೇ, ಮತ್ತು ಗುರುಗಳ ಸುತ್ತ ನೆರೆದ ಕರಡಿಮಟ್ಟಿಯ ಸಭೆಯೇ,

ಕೋರ್ಟ್ ಬಸಲಿಂಗನ ಉತ್ತರ ಕೇಳಿರಿ. ಕಳೆದ ಭಾನುವಾರ, ಒಂಬತ್ತನೆಯ ತಾರೀಕು, ಆಕಾಶವೇ ಹರಿದಂತೆ ಮಳೆ ಬಂತು. ಕರೆಂಟು ಹೋಯಿತು. ಇಲ್ಲಿಯ ಜನರೇಟರ್ ಕೆಟ್ಟು ಕೂತು ಎರಡು ತಿಂಗಳು. ಬಾವಿ ಏರತೊಡಗಿತು. ಆ ಹೊತ್ತಿನಲ್ಲಿ ಗೇಟು ತೆರೆಯದಿದ್ದರೆ ಏನಾಗುತ್ತದೆ ಗೊತ್ತೇ? ಹೊಲಸು ನೀರು ಬಂದ ದಾರಿಯಲ್ಲೇ ತಿರುಗಿ ಹೋಗಿ, ತಗ್ಗಿನ ಮನೆಗಳ ಅಂಗಳದ ಚೇಂಬರುಗಳಲ್ಲಿ ಉಕ್ಕುತ್ತದೆ. ಹಾಗಾಗಬಾರದೆಂದೇ ಗೇಟಿನ ಪಕ್ಕದಲ್ಲಿ ಒಬ್ಬ ಮನುಷ್ಯ ಇರುವುದು. ನಾನು ಚಕ್ರ ತಿರುಗಿಸಿದೆ. ಗೇಟು ಎದ್ದಿತು. ಒಂದು ಗಂಟೆ ಹತ್ತು ನಿಮಿಷ, ಒಂದೂವರೆ ಅಡಿ. ಹಾಗೆಯೇ ಪುಸ್ತಕದಲ್ಲಿ ಬರೆದೆ. ಮೇಲಿನವರಿಗೆ ಸಿಟ್ಟು ಬಂದಿದೆ. ಗುತ್ತಿಗೆದಾರರಿಗೆ ಕೋರ್ಟು ದಂಡ ಹಾಕುವುದಂತೆ. ಶಿವಶಂಕರ್ ಎರಡು ದಿನ ಮಾತಾಡಲಿಲ್ಲ. ಮಾತಾಡದಿದ್ದರೆ ಬಿಡಲಿ. ಪಕ್ಕದ ಓಣಿಯ ಒಂದು ಹೊಸ್ತಿಲೂ ತೋಯಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಇಲ್ಲಿಗೆ ಒಂದು ಮೈಲಿಯೊಳಗೆ ಸರ್ಕಾರಿ ಹೆರಿಗೆ ಆಸ್ಪತ್ರೆ ಇದೆ. ಅಲ್ಲಿ ನೀವು ಕುಷ್ಟಗಿಗೆ ಹೋಗಲು ಟಂಟಂ ಆಟೋ ಹುಡುಕಬೇಕು. ಶೈಲಾ ಮೊನ್ನೆ ನಲ್ಲಿಯ ಹತ್ತಿರ ಸಿಕ್ಕಿದ್ದಳು. ಮುಖದಲ್ಲಿ ಕಳೆ ಇದೆ. ಮೂರನೆಯ ಮನೆಯ ಸುಮಂಗಲಾ ಎಂಬ ಹಾವೇರಿ ಕಡೆಯ ಹೆಣ್ಣುಮಗಳು ಅಕ್ಕನ ಹಾಗೆ ನೋಡಿಕೊಳ್ಳುತ್ತಾಳೆ. ಇದ್ದಲ್ಲೇ ಇರಲಿ. ಈ ಬಸಲಿಂಗ ಗೇಟಿನ ಬಳಿ ನಿಂತಿರುವ ತನಕ ನಿಮ್ಮ ಮಗಳ ಬಾಗಿಲಿಗೆ ನೀರು ಬಾರದು. ಇದು ಸಭೆಯ ಎದುರಿಗೆ ಕೊಟ್ಟ ಮಾತು.

ಬಸಲಿಂಗ


ಕರಡಿಮಟ್ಟಿ
6 ಆಗಸ್ಟ್ 2017

ತಮ್ಮಾ ಬಸಲಿಂಗ,

ನಿನ್ನ ಮಾತನ್ನು ಸಭೆಯಲ್ಲಿ ಓದಿದ ಮೇಲೆ ಇನ್ನೊಂದು ವಿಚಾರ ಉಳಿಯಲಿಲ್ಲ. ಅಲ್ಲೇ ಇರಲಿ ಎಂದು ಗಟ್ಟಿ ಮಾಡಿದೆವು. ಈಶಪ್ಪನೂ, "ಕೋರ್ಟಿನ ಮನಶ್ಯಾ ಬಾಜೂಕ ಇದ್ದಮ್ಯಾಲೆ ಏನಂಜಿಕಿ?" ಎಂದನಂತೆ. ದುರ್ಗವ್ವ ತನ್ನ ಹಳೆಯ ಇಳಕಲ್ ಸೀರೆ ಹರಿದು ಕೂಸಿಗೆ ಒಂದು ಕೌದಿ ಹೊಲಿದಿದ್ದಾಳೆ. ಅಂಟಿನುಂಡೆಯ ಡಬ್ಬಿಯೂ ಇದೆ. ಗಾರೆ ಕೆಲಸದ ನಮ್ಮೂರಿನ ಗೌಂಡಿಗಳು ಬೆಂಗಳೂರಿಗೆ ಹೊರಟಿದ್ದರು, ಅವರ ಕೈಯಲ್ಲಿ ಕೊಟ್ಟಿದ್ದೇನೆ. ಮುಟ್ಟಿದ್ದಕ್ಕೆ ಬರೆ.

ಶೈಲಾ ದುರ್ಗವ್ವನ ಫೋನಿಗೆ ಮಾಡಿದ್ದಳು. ನಾನು ಹೇಳಿಸಿದೆ, ಬಸಲಿಂಗ ಹೀಗೆ ಬರೆದಿದ್ದಾನೆ, ನೀನು ಅಲ್ಲೇ ಇರು ಅಂತ. ಅವಳು ಏನಂದಳು ಎಂದು ಕೇಳಿದೆ. ಹೂಂ ಎಂದಳು ಅಂತ ದುರ್ಗವ್ವ ಹೇಳಿದಳು.

ನಿನ್ನನ್ನು ನಂಬಿ ಬಿಟ್ಟಿದ್ದೇನೆ.

ಚನ್ನವೀರಪ್ಪ


ಮುತ್ತುಗದಕುಂಟೆ ಪಂಪ್ ಮನೆ
12 ಸೆಪ್ಟೆಂಬರ್ 2017

ಸಭೆಗೆ ಶುಭವಾರ್ತೆ. ಫೋನಿನಲ್ಲಿ ತಿಳಿದದ್ದೇ ಆದರೂ ನನ್ನ ಬಾಯಿಂದ ಇನ್ನೊಮ್ಮೆ ಕೇಳಿರಿ. ಆಗಸ್ಟ್ ಇಪ್ಪತ್ತೆಂಟರ ಬೆಳಗಿನ ಹತ್ತೂವರೆಗೆ ಪೇಟಿ ಮಾಸ್ತರರ ಮನೆತನಕ್ಕೆ ಮೊಮ್ಮಗಳು ಬಂದಳು. ಎರಡೂಮುಕ್ಕಾಲು ಕಿಲೋ. ಅಳುವ ಧ್ವನಿ ಕೇಳಿ ನರ್ಸಮ್ಮ, "ಯಾರ ಮನೆ ಕೂಸಪ್ಪ ಇದು, ವಾರ್ಡೆಲ್ಲ ಎಬ್ಬಿಸ್ತು" ಎಂದರು. ಇದು ನಮ್ಮ ನಾಟಕ ಮಂಡಳಿಯ ಕೂಸು ಎಂದೆ. ಇಳಕಲ್ ಕೌದಿಯಲ್ಲಿ ಸುತ್ತಿ ಮನೆಗೆ ತಂದೆವು. ಅಂಟಿನುಂಡೆಯಲ್ಲಿ ನಾಲ್ಕು ನಾನು ತಿಂದೆ, ತಪ್ಪಾಯಿತು.

ಕೆಲಸದ ಕಡೆ ಒಂದು ಬದಲಾವಣೆ. ಒಂದನೆಯ ತಾರೀಕಿನಿಂದ ಗೇಟಿನ ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಹಾಕಿದ್ದಾರೆ. ಮೇಲಿನವರ ಅಪ್ಪಣೆ ಇಲ್ಲದೆ ತೆರೆಯುವಂತಿಲ್ಲ. ಕೋರ್ಟಿನ ಕಣ್ಣು ಎಷ್ಟು ತೀಕ್ಷ್ಣ ಎಂಬುದಕ್ಕೆ ಇದೇ ಸಾಕ್ಷಿ. ಕೀಲಿ ಸುರಕ್ಷಿತವಾದ ಕೈಯಲ್ಲಿದೆ. ಅದೃಷ್ಟಕ್ಕೆ ಆಗಸ್ಟಿನ ಮಳೆಗಳಲ್ಲಿ ಕರೆಂಟು ಹೋಗಲಿಲ್ಲ. ಜುಲೈ ಒಂಬತ್ತರ ನಂತರ ಪುಸ್ತಕದ ತುಂಬ ಸೊನ್ನೆಗಳ ಮಾಲೆ. ಇಪ್ಪತ್ತೆರಡನೆಯ ತಾರೀಕು ನ್ಯಾಯಾಧೀಶರು ಬರುತ್ತಾರೆ. ಅವರೆದುರು ಏನು ಹೇಳಬೇಕೆಂದು ಈಗಲೇ ಸಿದ್ಧ ಮಾಡಿಕೊಂಡಿದ್ದೇನೆ.

ತೊಟ್ಟಿಲ ಕಾರ್ಯಕ್ಕೆ ನೀವು ಬರಲೇಬೇಕು.

ಬಸಲಿಂಗ


ಕರಡಿಮಟ್ಟಿ
29 ಸೆಪ್ಟೆಂಬರ್ 2017

ತಮ್ಮಾ ಬಸಲಿಂಗ,

ನಿನ್ನಿಂದ ಕಾಗದವಿಲ್ಲ. ಹದಿನೇಳು ದಿನವಾಯಿತು. ಬೆಂಗಳೂರಿನಲ್ಲಿ ಮಳೆ ಜೋರು ಎಂದು ಪೇಪರಿನಲ್ಲಿ ಓದಿದೆ. ಅದೇ ಪೇಪರಿನಲ್ಲಿ ನಿನ್ನ ಕೆರೆಯ ಹೆಸರೂ ಇತ್ತು. ಎಪ್ಪತ್ತೈದು ದಿನದಿಂದ ಹೊಲಸು ನೀರು ಒಂದು ಹನಿ ಕೆರೆಗೆ ಹೋಗಿಲ್ಲ, ಸಮಿತಿ ಮೆಚ್ಚಿದೆ ಎಂದು ಬರೆದಿದ್ದರು. ನಿನ್ನ ಹೆಸರು ಹಾಕಿರಲಿಲ್ಲ. ಹಾಕಬೇಕಿತ್ತು. ಕತ್ತರಿಸಿ ಗುಡಿಯ ಗೋಡೆಗೆ ಅಂಟಿಸಿದ್ದೇವೆ.

ಕೂಸಿಗೆ ಸ್ವಲ್ಪ ಮೈಯಲ್ಲಿ ಹುಷಾರಿಲ್ಲ ಎಂದು ಮರೆಪ್ಪ ಫೋನ್ ಮಾಡಿದ್ದನಂತೆ. ಎಳೆ ಕೂಸುಗಳಿಗೆ ಇದ್ದದ್ದೇ. ಬಜೆ ತೇಯ್ದು ನೆಕ್ಕಿಸಲು ಹೇಳು. ಹೆಸರಿನ ವಿಚಾರ ಮಾಡಿದ್ದೇನೆ. ಅವಳಜ್ಜಿಯ ಹೆಸರೇ ಇಡಲಿ. ಶರಣಮ್ಮ. ಈಗಿನವರಿಗೆ ಹಳೆಯದು ಅನ್ನಿಸಿದರೆ ಕರೆಯಲು ಬೇರೆ ಇಟ್ಟುಕೊಳ್ಳಲಿ, ತೊಟ್ಟಿಲಲ್ಲಿ ಮಾತ್ರ ಇದನ್ನು ಕೂಗಲಿ.

ನಾಳೆ ಬನ್ನಿ ಹಬ್ಬ. ಕಾಗದದೊಳಗೆ ನಾಲ್ಕು ಬನ್ನಿ ಎಲೆ ಇಟ್ಟಿದ್ದೇನೆ. ನನ್ನ ಪರವಾಗಿ ಒಂದನ್ನು ಕೂಸಿನ ಕೈಗೆ ಮುಟ್ಟಿಸು. ಬಂಗಾರದಂತೆ ಇರಲಿ.

ಚನ್ನವೀರಪ್ಪ


ಮುತ್ತುಗದಕುಂಟೆ ಪಂಪ್ ಮನೆ
7 ಅಕ್ಟೋಬರ್ 2017

ಮಾಸ್ತರರಿಗೆ,

ಇದನ್ನು ಕಟ್ಟೆಯ ಮೇಲೆ ಓದಬೇಡಿರಿ.

ಎರಡನೆಯ ತಾರೀಕಿನ ಸುದ್ದಿ ನಿಮಗೆ ಅದೇ ದಿನ ಫೋನಿನಲ್ಲಿ ಮುಟ್ಟಿತೆಂದು ಮರೆಪ್ಪ ಹೇಳಿದ. ನಿಮ್ಮ ಬನ್ನಿ ಎಲೆಯ ಕಾಗದ ಐದನೆಯ ತಾರೀಕು ಬಂತು.

ನಡೆದದ್ದು ಇಷ್ಟು. ಸೆಪ್ಟೆಂಬರ್ ಇಪ್ಪತ್ತೊಂದು, ಗುರುವಾರ, ಮಧ್ಯಾಹ್ನ ಮೂರಕ್ಕೆ ಮಳೆ ಹಿಡಿಯಿತು. ಮೂರೂವರೆಗೆ ಕರೆಂಟು ಹೋಯಿತು. ಬಾವಿ ತುಂಬಿತು. ಗೇಟು ತೆರೆಯಲಿಲ್ಲ. ನೀರು ಹಿಂದಕ್ಕೆ ಏರಿ ಓಣಿಯ ಚೇಂಬರು ಉಕ್ಕಿತು. ಶೈಲಾಳ ಮನೆಯೊಳಗೆ ತೊಡೆಮಟ್ಟಕ್ಕೆ ಬಂತು. ಮರೆಪ್ಪ ಕಾರ್ಖಾನೆಯಲ್ಲಿದ್ದ. ಅಕ್ಕಪಕ್ಕದವರು ತಮ್ಮ ತಮ್ಮ ಮಕ್ಕಳನ್ನು ಎತ್ತಿಕೊಂಡು ಓಡುತ್ತಿದ್ದರು. ಸುಮಂಗಲಾ ಬಂದು ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದಳಂತೆ. ಇಪ್ಪತ್ನಾಲ್ಕು ದಿನದ ಬಾಣಂತಿ ಕೂಸನ್ನು ಎದೆಗೆ ಒತ್ತಿಕೊಂಡು ಅದರ ಮೇಲೆ ಕೂತಿದ್ದಳು. ಆರು ಗಂಟೆಗೆ ಕರೆಂಟು ಬಂತು. ಪಂಪು ಹಾಕಿ ನಾನು ಓಡಿದೆ. ಕೂಸನ್ನು ಸಿಮೆಂಟು ಹೊರುವ ಬಾಂಡ್ಲಿಯಲ್ಲಿ ಮಲಗಿಸಿ, ತಲೆಯ ಮೇಲೆ ಹೊತ್ತು ಶ್ಯಾಮಣ್ಣನ ಮಹಡಿಗೆ ತಂದೆ. ಕೌದಿ ನೆನೆದು ಕಪ್ಪಾಗಿತ್ತು. ಶ್ಯಾಮಣ್ಣ ಮಹಡಿಯ ಮೇಲೆ ನಿಂತು, "ಮೂವತ್ ವರ್ಸದಲ್ಲಿ ಇಂಗೆ ಆಗಿರ್ಲಿಲ್ಲ ಕಣಪ್ಪ" ಎನ್ನುತ್ತಲೇ ಇದ್ದ. ಆ ಮನೆಗಳನ್ನು ಕಟ್ಟಿ ನಾಲ್ಕು ವರ್ಷ.

ವಾರದ ಮೇಲೆ ಕೂಸಿಗೆ ಭೇದಿ ಹತ್ತಿತು. ಆಸ್ಪತ್ರೆಯಲ್ಲಿ ಮೂರು ದಿನ. ಅವರು ಕೊಟ್ಟ ಸಾವಿನ ಚೀಟಿಯಲ್ಲಿ ಭೇದಿ ಎಂದಿದೆ, ಓಣಿಯ ನೀರಿನ ಮಾತಿಲ್ಲ. ಹೆಸರಿನ ಜಾಗದಲ್ಲಿ 'ಶೈಲಾಳ ಮಗು' ಎಂದಿದೆ.

ಶೈಲಾ ಅಳುವುದಿಲ್ಲ. ನಾನು ಹೋದಾಗಲೆಲ್ಲ ಎದ್ದು ನಿಲ್ಲುತ್ತಾಳೆ. ಮಣ್ಣು ಮಾಡಿ ಬಂದ ದಿನ ಎಲ್ಲರೆದುರು, "ಬಸಣ್ಣ ಕಾಕಾ ಬರದಿದ್ರ ಅವತ್ತ ಹೋಗ್ತಿತ್ತು. ಹನ್ನೊಂದು ದಿನ ಉಳಿಸಿಕೊಟ್ರು" ಎಂದಳು.

ಇಪ್ಪತ್ತೆರಡರಂದು ಸಮಿತಿ ಬಂದು ಹೋಯಿತು. ಅಳತೆಪಟ್ಟಿ ಒಣಗಿತ್ತು.

ಎಲ್ಲವೂ ದೈವದ ಆಟ. ಧೈರ್ಯ ತಂದುಕೊಳ್ಳಿರಿ.

ಬಸಲಿಂಗ


ಕರಡಿಮಟ್ಟಿ
15 ಅಕ್ಟೋಬರ್ 2017

ಬಸಲಿಂಗ,

ಕಟ್ಟೆಯ ಮೇಲೆ ಓದಲಿಲ್ಲ. ಕದ ಹಾಕಿಕೊಂಡು ಮೂರು ಸಲ ಓದಿದೆ.

ಮೊದಲು ನನ್ನ ತಪ್ಪು. ಜೂನಿನ ಗಾಳಿಮಳೆಗೆ ನಮ್ಮ ಮನೆಯ ಹಿತ್ತಿಲ ಗೋಡೆ ಬಿತ್ತು. ಅಲ್ಲಿಗೆ ಗೋಣಿತಟ್ಟು ಕಟ್ಟಿಕೊಂಡಿದ್ದೇನೆ. ಆ ಮನೆಗೆ ಬಸುರಿಯನ್ನು ಕರೆತರಲು ನಾಚಿಕೆಯಾಗಿತ್ತು. ಅಲ್ಲೇ ಇರಲಿ ಎಂದು ನೀನು ಬರೆಯಲಿ ಎಂಬ ಆಸೆ ನನಗಿತ್ತು. ನೀನು ಬರೆದೆ, ನಾನು ಎರಡನೆಯ ಮಾತು ಕೇಳದೆ ಒಪ್ಪಿದೆ. ಬೇರೆಯವರ ಮನೆಯ ವಿಷಯವಾಗಿದ್ದರೆ ಕೇಳುತ್ತಿದ್ದೆ.

ಈಗ ನಿನ್ನದು. ನಲವತ್ತು ವರ್ಷ ಪೇಟಿಯ ಮುಂದೆ ಕೂತವನು ನಾನು. ಪಾತ್ರಧಾರಿ ಒಂದು ಸಾಲು ನುಂಗಿದರೆ ಜನಕ್ಕೆ ತಿಳಿಯದು, ನನಗೆ ತಿಳಿಯುತ್ತದೆ. ನಿನ್ನ ಜುಲೈ ಕಾಗದದಲ್ಲಿ 'ನಾನು ಚಕ್ರ ತಿರುಗಿಸಿದೆ' ಎಂದಿದೆ. ಈ ಕಾಗದದಲ್ಲಿ 'ಗೇಟು ತೆರೆಯಲಿಲ್ಲ' ಎಂದಿದೆ. ಗೇಟು ತಾನಾಗಿ ತೆರೆಯುವುದೂ ಇಲ್ಲ, ತೆರೆಯದೆ ಇರುವುದೂ ಇಲ್ಲ.

ಕೀಲಿ ಯಾರ ಹತ್ತಿರ ಇತ್ತು?

ಚನ್ನವೀರಪ್ಪ


ಮುತ್ತುಗದಕುಂಟೆ ಪಂಪ್ ಮನೆ
26 ಅಕ್ಟೋಬರ್ 2017

ಮಾಸ್ತರರೇ,

ಕೀಲಿ ನನ್ನ ಉಡದಾರದಲ್ಲಿತ್ತು.

ಈ ಒಂದು ಸಾಲು ಬರೆಯಲು ಒಂದು ವಾರ ಹಿಡಿಯಿತು. ಉಳಿದದ್ದನ್ನು ನಿಲ್ಲಿಸದೆ ಬರೆಯುತ್ತೇನೆ, ನಿಲ್ಲಿಸಿದರೆ ಎಲ್ಲಿಯಾದರೂ ಬಣ್ಣ ಹಚ್ಚಿಬಿಟ್ಟೇನು.

ಶೈಲಾಳ ಮನೆ, ಮಳೆನೀರು ಹರಿಯುತ್ತಿದ್ದ ಹಳೆಯ ರಾಜಕಾಲುವೆಗೆ ಮಣ್ಣು ತುಂಬಿ ಕಟ್ಟಿದ ಸಾಲಿನಲ್ಲಿದೆ. ರಸ್ತೆಯಿಂದ ನಾಲ್ಕು ಮೆಟ್ಟಿಲು ಇಳಿಯಬೇಕು. ಸಿಮೆಂಟು ನೆಲ, ಹೊಸ ಶೀಟು, ನಲ್ಲಿ ಎಲ್ಲವನ್ನೂ ನಿಮಗೆ ಬರೆದೆ, ಆ ಮೆಟ್ಟಿಲು ಬಿಟ್ಟೆ. ಜುಲೈಯಲ್ಲಿ ನಿಮ್ಮ ಕಾಗದ ಬಂದ ಮರುದಿನ ಶೈಲಾ ನಲ್ಲಿಯ ಹತ್ತಿರ ನನ್ನನ್ನು ತಡೆದಳು. ಕೊಡದ ಬಾಯಿ ಒರೆಸುತ್ತ, ನನ್ನ ಮುಖ ನೋಡದೆ, "ಕಾಕಾ, ನಾ ಹೇಳಿದೆ ಅಂತ ಬರೀಬ್ಯಾಡ್ರಿ. ಬಂದು ಕರಕೊಂಡು ಹೋಗು ಅಂತ ಅಪ್ಪಗ ನೀವ ಹೇಳಿದಂಗ ಬರೀರಿ" ಎಂದಳು. ನಾನು ತಲೆಯಾಡಿಸಿದೆ. ಆಮೇಲೆ ಕಾಗದಕ್ಕೆ ಕೂತೆ. ಊರಲ್ಲಿ ಕೋರ್ಟ್ ಬಸಲಿಂಗ ಎನ್ನುತ್ತಾರೆ ಎಂದು ನೀವು ಬರೆದಿದ್ದಿರಿ. ಅಂಥವನು, ನಾನು ಹುಡುಕಿಕೊಟ್ಟ ಮನೆ ತಗ್ಗಿನಲ್ಲಿದೆ, ಕರೆದುಕೊಂಡು ಹೋಗಿರಿ ಎಂದು ಕಟ್ಟೆಯ ಮೇಲೆ ಓದಿಸಲಾರದೆ ಹೋದ. ಮುಖದಲ್ಲಿ ಕಳೆ ಇದೆ ಎಂದು ಬರೆದ.

ಜುಲೈ ದಂಡದ ನಂತರವೇ ಸರಪಳಿ ಬಂದದ್ದು. ಕೀಲಿ ಕೊಡುವಾಗ ಶಿವಶಂಕರ್ ಹೇಳಿದ್ದು, ನಾನು ಫೋನಿನಲ್ಲಿ ಹೂಂ ಅನ್ನುವ ತನಕ ಮುಟ್ಟಬೇಡ ಅಂತ. ಇಪ್ಪತ್ತೊಂದರ ಮಧ್ಯಾಹ್ನ ನಾಲ್ಕಕ್ಕೆ ಫೋನ್ ಮಾಡಿದೆ. "ಗುರು, ನಾಳೆ ಕಮಿಟಿ ಬರ್ತಿದೆ. ಇವತ್ತು ಬಿಟ್ರೆ ಪಟ್ಟಿ ಮೇಲೆ ಒದ್ದೆ ಕಾಣತ್ತೆ. ಅರ್ಧ ಗಂಟೆ ತಡ್ಕೊ, ಕರೆಂಟ್ ಬರತ್ತೆ" ಎಂದ. ನಾಲ್ಕೂವರೆಗೆ ಮಾಡಿದೆ, ಅದೇ ಮಾತು. ಐದಕ್ಕೆ ಅವನು ಎತ್ತಲಿಲ್ಲ.

ಐದೂಕಾಲಿಗೆ ಸುಮಂಗಲಾ ಬಂದಳು. ಸೊಂಟದ ತನಕ ಒದ್ದೆ, ಮೈಯೆಲ್ಲ ಕೆಸರು. ಜಾಲರಿಯ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅಣ್ಣಾ, ಬಾಣಂತಿ ಮಂಚದ ಮ್ಯಾಲೆ ಕುಂತಾಳ. ನೀರು ಹಾಸಿಗಿಗೆ ಬಂದೈತಿ. ಗೇಟ್ ಬಿಡು" ಎಂದಳು. ಅಪ್ಪಣೆ ಬಂದಿಲ್ಲ ಎಂದೆ. "ಕೀಲಿ ಯಾರ ಕಡೆ ಐತಿ?" ಎಂದು ಕೇಳಿದಳು. ನೀವು ಕೇಳಿದ ಹಾಗೆಯೇ. ಆಫೀಸಿನಲ್ಲಿದೆ ಎಂದೆ. ಕೀಲಿ ನನ್ನ ಹೊಟ್ಟೆಗೆ ಚುಚ್ಚುತ್ತಿತ್ತು. ಅವಳು ನಂಬಿ ತಿರುಗಿ ಓಡಿದಳು. ಆಮೇಲೆ ಮುಕ್ಕಾಲು ಗಂಟೆ ನಾನು ಚಕ್ರದ ಪಕ್ಕದಲ್ಲೇ ನಿಂತಿದ್ದೆ.

ಕೆಲಸ ಹೋಗುತ್ತದೆಂದು ಹೆದರಿದೆ ಎಂದು ನೀವು ತಿಳಿಯಬಹುದು. ಶಿವಶಂಕರನಿಗೂ ಹಾಗೆಯೇ ಕಂಡಿರಬೇಕು. ಅದಾಗಿದ್ದರೆ ಇಷ್ಟು ನಾಚಿಕೆ ಇರುತ್ತಿರಲಿಲ್ಲ. ನ್ಯಾಯಾಧೀಶರೆದುರು ಹೇಳಲು ನಾನೊಂದು ಮಾತು ಸಿದ್ಧ ಮಾಡಿಕೊಂಡಿದ್ದೆ. 'ಎಪ್ಪತ್ತೈದು ದಿನ, ಒಂದು ಹನಿ ಇಲ್ಲ ಮಹಾಸ್ವಾಮಿ.' ಎಪ್ಪತ್ತೈದರ ನಂತರ ಎಷ್ಟು ತಡೆಯಬೇಕು, ಹನಿ ಎನ್ನುವಾಗ ಕೈ ಎಲ್ಲಿರಬೇಕು ಎಂಬುದನ್ನೂ ಪಂಪ್ ಮನೆಯಲ್ಲಿ ಒಬ್ಬನೇ ನಿಂತು ಹತ್ತು ದಿನ ತಾಲೀಮು ಮಾಡಿದ್ದೆ. ಗೇಟು ಎತ್ತಿದರೆ ಆ ಮಾತು ಹೋಗುತ್ತಿತ್ತು. ಅದಕ್ಕೆ, ಮಾಸ್ತರರೇ. ಒಂದು ಮಾತಿಗೆ.

ಮರುದಿನ ಅದನ್ನು ಹೇಳಿದೆ. ಚೆನ್ನಾಗಿಯೇ ಬಂತು. ಅವರು ನನ್ನ ಹೆಗಲು ತಟ್ಟಿ, ನಿಮ್ಮಂಥವರಿಂದ ಈ ಕೆರೆ ಉಳಿದೀತು ಎಂದರು. ಅವರು ಸಜ್ಜನರು. ಓಣಿಯ ಕಡೆಗೆ ಅವರ ಕಾರು ಹೋಗುವುದಿಲ್ಲ, ಪುಸ್ತಕದಲ್ಲಿ ಓಣಿಗೆ ಕಾಲಂ ಇಲ್ಲ. ಇಪ್ಪತ್ತೊಂದರ ಪುಟದಲ್ಲಿ ನಾನು ಬರೆದ ಸೊನ್ನೆ ಸುಳ್ಳೂ ಅಲ್ಲ. ಕೆರೆಗೆ ಅವತ್ತು ನಿಜವಾಗಿ ಏನೂ ಹೋಗಲಿಲ್ಲ.

ನಾಳೆ ಹನ್ನೊಂದು ಗಂಟೆಗೆ ಸಮಿತಿ ಕೊನೆಯ ಸಲ ಬರುತ್ತಿದೆ. ನೂರಹತ್ತು ದಿನ ಸೊನ್ನೆಯಾದ್ದರಿಂದ ಇನ್ನು ಕೋರ್ಟಿನ ಮೇಲ್ವಿಚಾರಣೆ ಸಾಕು ಎಂದು ವರದಿ ಕೊಡುತ್ತಾರಂತೆ. ಅವರು ಹೋದ ಮೇಲೆ ಬೀಗ ಉಳಿಯುತ್ತದೆ, ಓಣಿ ಉಳಿಯುತ್ತದೆ, ಕೇಳುವವರು ಉಳಿಯುವುದಿಲ್ಲ. ಶಿವಶಂಕರ್ ನಿನ್ನೆ ಬಂದು, ನಾಡಿದ್ದು ಇನ್ನೊಂದು ಡೈಲಾಗ್ ಹೊಡಿ ಗುರು ಎಂದು ನಕ್ಕ.

ಶೈಲಾ ಈಗಲೂ ಅದೇ ಮನೆಯಲ್ಲಿದ್ದಾಳೆ. ಊರಿಗೆ ಹೋಗು ಎಂದು ಮರೆಪ್ಪ ಎಷ್ಟು ಹೇಳಿದರೂ ಒಪ್ಪುತ್ತಿಲ್ಲ. ಮೊನ್ನೆ ನನಗೆ ಊಟಕ್ಕೆ ಹಾಕಿ, ಎರಡು ಸಲ ರೊಟ್ಟಿ ಬಡಿಸಿದಳು. ತಿಂದೆ.

ಮೊದಲು ಸಮಿತಿಯ ಎದುರು ಹೇಳಿಬಿಡೋಣ, ಆಮೇಲೆ ಅವಳಿಗೆ ತಾನಾಗಿಯೇ ತಿಳಿಯಲಿ ಎಂದು ಎರಡು ದಿನ ಯೋಚಿಸಿದೆ. ಹಾಗೆ ಮಾಡಿದರೆ ನ್ಯಾಯಾಧೀಶರ ಎದುರು ನಿಜ ಹೇಳಿದವನು ಎಂಬ ಹೆಸರು ಹೊತ್ತು ಅವಳ ಮುಂದೆ ನಿಲ್ಲುತ್ತೇನೆ. ಆ ಹೆಸರೂ ನನಗೆ ಬೇಡ.

ನಾಳೆ ಬೆಳಿಗ್ಗೆ ಆರೂವರೆಗೆ ಮರೆಪ್ಪ ಬಸ್ಸು ಹತ್ತುವ ಮುಂಚೆ, ಇಬ್ಬರೂ ಮನೆಯಲ್ಲಿರುವಾಗ, ಆ ನಾಲ್ಕು ಮೆಟ್ಟಿಲು ಇಳಿದು ಹೋಗುತ್ತೇನೆ. ಹೊಸ್ತಿಲ ಹೊರಗೆ ನಿಂತೇ ಹೇಳುತ್ತೇನೆ. ಸುಮಂಗಲಾಳನ್ನೂ ಕರೆದು, ಅವಳಿಗೆ ಹೇಳಿದ ಸುಳ್ಳನ್ನು ಅವಳೆದುರು ಒಪ್ಪುತ್ತೇನೆ. ಅವರು ಬೈದರೆ ಬೈಯಿಸಿಕೊಳ್ಳುತ್ತೇನೆ, ಮರೆಪ್ಪ ಕೈ ಎತ್ತಿದರೆ ನಿಲ್ಲುತ್ತೇನೆ. ಶೈಲಾ ಕದ ಹಾಕಿಕೊಂಡರೆ ಹನ್ನೊಂದರ ತನಕ ಆ ಅಂಗಳದಲ್ಲೇ ಕೂತಿರುತ್ತೇನೆ, ಸಮಿತಿಯ ಕಾರು ಬಂದಾಗ ಅವರನ್ನು ಅಲ್ಲಿಗೆ ಕರೆತಂದು ಅವರಿಗೂ ಇದನ್ನೇ ಹೇಳುತ್ತೇನೆ.

ಬಸಲಿಂಗ